ಒಂಚೂರು ಸುಮ್ನಿರ್ರಿ

ತಪ್ಪು ನನ್ನದೇ. ಸೊರಬದ ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದ ನಾನು, ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದ ಸಂಭ್ರಮಕ್ಕೆ ಪೂಜೆಯನ್ನೂ ಮಾಡಿ, ಅದರ ಸಿಪಿಯು ಪೆಟ್ಟಿಗೆಗೆ ಚೆಂಡುಹೂವಿನ ಹಾರ ಹಾಕಿದೆ. ಮರುದಿನದಿಂದ ಅದು ಮನಸ್ಸು ಬಂದಾಗಲೆಲ್ಲ ಪರದೆ ನೀಲಿ ಮಾಡಿಕೊಂಡು ನಿಂತುಬಿಡುತ್ತಿತ್ತು. ಮೂರು ದಿನದಲ್ಲಿ ವಿಂಡೋಸನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದರೂ ಅದೇ ಹಾಡು. ಚಂದ್ರಗುತ್ತಿಯವರ ಲಗ್ನಪತ್ರಿಕೆ ಅರ್ಧಕ್ಕೇ ನಿಂತಿತ್ತು.

"ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನೀ ಬರೋದೇ ಬೇಡ ಮಾರಾಯ," ಎಂದರು ಮಾಲೀಕರು.

ಶಿಕಾರಿಪುರದ ಬಸ್ಸಿಳಿದು ರಿಪೇರಿಯವರು ಬಂದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರು, ಹಲ್ಲುಜ್ಜುವ ಬ್ರಷ್ಷು. ನಾನು ಹೊಸ ವಿಂಡೋಸಿನ ದೋಷಗಳನ್ನು ವರ್ಣಿಸತೊಡಗಿದಾಗಲೆಲ್ಲ ಕತ್ತು ವಾಲಿಸಿ, "ಒಂಚೂರು ಸುಮ್ನಿರ್ರಿ," ಎನ್ನುತ್ತಿದ್ದರು. ಅದನ್ನು ಅವರದೇ ಮೂಗಿನ ದನಿಯಲ್ಲಿ ಹೇಳಿ ಮಾಲೀಕರನ್ನು ನಗಿಸಿದೆ. ರಿಪೇರಿಯವರು ತಿರುಗಿಯೂ ನೋಡಲಿಲ್ಲ. ಮಗುವಿನ ಜ್ವರ ನೋಡುವಂತೆ ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟರು, ಆಮೇಲೆ ಬಿಚ್ಚಿದರು. ಹಿಂದಿನ ಜಾಲರಿಯೊಳಗೆ ಇಳಿದಿದ್ದ ನನ್ನ ಹಾರದ ದಾರ ಫ್ಯಾನಿಗೆ ಸುತ್ತಿಕೊಂಡಿತ್ತು. ಗಾಳಿಯಿಲ್ಲದೆ ಕಾದಾಗಲೆಲ್ಲ ಕಂಪ್ಯೂಟರ್ ನಿಲ್ಲುತ್ತಿತ್ತು. ಪಾಪ, ವಿಂಡೋಸಿನ ತಪ್ಪೇನೂ ಇರಲಿಲ್ಲ.

ದಾರ ಕಿತ್ತು ಬ್ರಷ್ಷಾಡಿಸಿದೊಡನೆ ಫ್ಯಾನು ಗುರ್ರೆಂದಿತು. ಸಂಜೆಗೆ ಲಗ್ನಪತ್ರಿಕೆ ಪ್ರಿಂಟರಿನಿಂದ ಹೊರಬಂದಾಗ ನನ್ನ ಉಸಿರೂ ಹೊರಬಂತು. ಕೆಲಸ ಉಳಿದ ಧೈರ್ಯದಲ್ಲಿ ಇನ್ನೊಮ್ಮೆ ಅವರ ದನಿ ತೆಗೆದೆ: "ಒಂಚೂರು ಸುಮ್ನಿರ್ರಿ!"

ಅವರು ಬ್ರಷ್ಷನ್ನು ಜೇಬಿಗೆ ಸಿಕ್ಕಿಸಿಕೊಂಡು ಎಂದರು: "ಊರವ್ರ ದನಿಯೆಲ್ಲ ಹಿಡೀತೀರಿ, ಮೂರು ದಿನದಿಂದ ಫ್ಯಾನಿನ ದನಿ ಇಲ್ಲ ಅನ್ನೋದು ನಿಮ್ಮ ಕಿವಿಗೆ ಬೀಳ್ಲೇ ಇಲ್ಲೇನ್ರಿ?"