ಎಲ್ಲರನ್ನೂ ಇಳಿಸಿ ನೋಡುವ ಡಾಕ್ಟರು

ನಮ್ಮ ಬೀದಿಯ ಆಟೋ ಎಲೆಕ್ಟ್ರೀಷಿಯನ್ನನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಿದ್ದರು. ಮೊದಲು ತಮಾಷೆಗೆ ಕರೆದದ್ದು. ಅವನು ಅದನ್ನು ಪದವಿಯೆಂದೇ ಸ್ವೀಕರಿಸಿಬಿಟ್ಟ. ಗಾಡಿ ಅಂಗಡಿ ಮುಂದೆ ನಿಂತಿತೋ, ಒಳಗಿದ್ದವರೆಲ್ಲ ಇಳಿಯಬೇಕು. "ಪೇಷಂಟ್ ಜೊತೆ ಬಂದೋರು ಆಚೆ ನಿಂತ್ಕೊಳ್ಳಿ" ಎನ್ನುವನು. ಆಮೇಲೆ ಬಾನೆಟ್ಟಿನೊಳಗೆ ತಲೆಯಿಟ್ಟು ಉದ್ದನೆಯದೊಂದು "ಹೂಂ". ಅದನ್ನು ಕೇಳಿಯೇ ಅರ್ಧ ಗಿರಾಕಿಗಳ ಎದೆ ಝಲ್ಲೆನ್ನುತ್ತಿತ್ತು. ಇಪ್ಪತ್ತಾರು ವರ್ಷದ ಕಸುಬಿನಲ್ಲಿ "ಗೊತ್ತಾಗ್ತಿಲ್ಲ" ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿರಲಿಲ್ಲ, ಕಟ್ಟಿಕೊಂಡ ಹೆಂಡತಿಯೂ ಸೇರಿ.

ಇಂಥವನ ಕೈಗೆ ಸ್ವಂತ ಅಕ್ಕನ ವ್ಯಾನು ಬಂತು.

ವ್ಯಾನು ಶಾಲೆಯದು, ಒಂಬತ್ತು ವರ್ಷದಿಂದ ಓಡಿಸುತ್ತಿದ್ದವಳು ಅಕ್ಕ. ಮಕ್ಕಳ ಬಾಯಲ್ಲಿ ಅವಳು ವ್ಯಾನಕ್ಕ. ಯಾವ ಮಗುವಿಗೆ ಯಾವ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ ಎಂಬುದು ಸಹ ಅವಳಿಗೆ ಗೊತ್ತು. ಎರಡು ವಾರದಿಂದ ವ್ಯಾನಿಗೊಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಓಡುತ್ತ ಓಡುತ್ತಲೇ ಕರೆಂಟು ಹೋಗಿಬಿಡುವುದು. ದೀಪ, ಹಾರನ್ನು, ಇಂಜಿನ್ನು ಒಟ್ಟಿಗೇ ಸತ್ತು, ಹತ್ತು ಎಣಿಸುವುದರೊಳಗೆ ಏನೂ ಆಗೇ ಇಲ್ಲವೆಂಬಂತೆ ಕರೆಂಟು ಮರಳುವುದು. ಡಾಕ್ಟರು ಮೂರು ಸಲ ಬ್ಯಾಟರಿ ನೋಡಿದ, ಫ್ಯೂಸು ನೋಡಿದ, ಕೀಲಿಯ ಸ್ವಿಚ್ಚು ಬಿಚ್ಚಿ ಜೋಡಿಸಿದ. ಮೂರು ಸಲವೂ ವ್ಯಾನು ನೆಂಟರ ಮುಂದೆ ಕೂತ ಮಗುವಿನಷ್ಟು ಸಾಧುವಾಗಿತ್ತು.

"ಖಾಲಿ ಇರೋವಾಗ ಒಂದಿನಾನೂ ನಿಂತಿಲ್ಲ ಕಣೋ. ಮಕ್ಕಳು ಹತ್ತಿದ ಮೇಲೇನೇ," ಎಂದಳು ಅಕ್ಕ.

"ಮಕ್ಕಳು ಹತ್ತಿದ್ದು ಕರೆಂಟಿಗೆ ಹೇಗೆ ಗೊತ್ತಾಗುತ್ತಕ್ಕ? ಹಾಜರಿ ತಗೊಳ್ಳುತ್ತಾ?"

ಆಮೇಲೆ ವ್ಯಾನು ನಿಂತದ್ದು ರೈಲ್ವೆ ಗೇಟಿನಲ್ಲಿ, ಹಳಿಯ ಮೇಲೆ. ಒಳಗೆ ಹನ್ನೊಂದು ಮಕ್ಕಳು. ರೈಲಿಗೆ ಇನ್ನೂ ಹೊತ್ತಿತ್ತು, ಗೇಟು ತೆರೆದೇ ಇತ್ತು, ಹತ್ತು ಎಣಿಸುವುದರೊಳಗೆ ಕರೆಂಟೂ ಬಂತು. ಆ ಹತ್ತನ್ನು ಅಕ್ಕ ಹೇಗೆ ಎಣಿಸಿದಳೋ.

ಸಂಜೆ ಶಾಲೆಯ ಮ್ಯಾನೇಜರು ಡಾಕ್ಟರಿಗೆ ಫೋನು ಮಾಡಿ, ಗಾಡಿಯ ತೊಂದರೆ ಏನೆಂದು ಕೇಳಿದರು. ಗೊತ್ತಾಗ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು.

"ಗಾಡೀಲಿ ಏನೂ ಇಲ್ಲ ಸಾರ್. ಓಡಿಸೋ ಕೈ ನೋಡ್ಕೊಳ್ಳಿ. ಗಾಬರೀಲಿ ಆಫ್ ಮಾಡ್ಕೊಂಡಿರ್ತಾರೆ," ಎಂದ.

ಓಡಿಸುವುದು ಅಕ್ಕನ ಕೈ ಎಂಬುದು ಆ ಗತ್ತಿನ ಭರದಲ್ಲಿ ಅವನಿಗೆ ಹೊಳೆಯಿತೋ ಇಲ್ಲವೋ, ಅವನೇ ಹೇಳಬೇಕು. ಮರುದಿನ ಅಕ್ಕನಿಗೆ ತಮ್ಮನ ಮಾತಿನ ಸಮೇತ ಹುಕುಂ ಬಂತು: ಶನಿವಾರ ಗಾಡಿ ತೊಳೆಸಿ ತಂದೊಪ್ಪಿಸಿ, ಸೋಮವಾರದಿಂದ ಬೇರೆ ಡ್ರೈವರ್.

ಶನಿವಾರ ಬೆಳಿಗ್ಗೆ ಅಕ್ಕ ವ್ಯಾನನ್ನು ತಮ್ಮನ ಅಂಗಡಿ ಮುಂದೆ ತಂದು ನಿಲ್ಲಿಸಿದಳು. ಅವನು ಬೈಗುಳಕ್ಕೆ ತಯಾರಾಗಿ, ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದ. ಅವಳು ಬೈಯಲಿಲ್ಲ.

"ನಿಜ ಹೇಳೋ. ನಾನೇನಾ?" ಎಂದಳು. "ಕೂತಲ್ಲಿ ನಿಂತಲ್ಲಿ ಈ ಕೈ ತಾನಾಗೇ ಕೀಲಿ ತಿರುಗಿಸಿದ ಹಾಗಾಗುತ್ತೆ. ನಾನೇ ಆಗಿದ್ರೆ ನಾನಾಗೇ ಬಿಟ್ಟುಬಿಡ್ತೀನಿ. ನಾನಲ್ದಿದ್ರೆ, ಸೋಮವಾರ ಅದೇ ಮಕ್ಕಳನ್ನ ಇಟ್ಕೊಂಡು ಇನ್ನೊಬ್ಬ ಅದೇ ಹಳಿ ಮೇಲೆ ನಿಲ್ತಾನೆ."

ಡಾಕ್ಟರು ಬಾಯಿ ತೆರೆದ. "ಗೊತ್ತಾಗ್ತಿಲ್ಲಕ್ಕ," ಎಂದ.

ಒಳಗಿದ್ದ ಹೆಂಡತಿ ಹೊರಗೆ ಬಂದು ಗಂಡನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಅಲ್ಲಾರೀ, ಅತ್ತಿಗೆ ಮೊದಲನೇ ದಿನಾನೇ ಹೇಳಿದ್ರಲ್ಲ, ಜನ ಇದ್ರೆ ನಿಲ್ಲುತ್ತೆ ಅಂತ? ನೀವು ಎಲ್ರನ್ನೂ ಇಳಿಸಿ ನೋಡ್ತೀರ. ಒಂದ್ಸಲ ಹತ್ತಿಸಿ ನೋಡಿ."

ಹನ್ನೊಂದು ಮಕ್ಕಳ ತೂಕಕ್ಕೆ ಎಷ್ಟು ದೊಡ್ಡವರು ಸಮ ಎಂಬ ಚರ್ಚೆ ಬೀದಿಯಲ್ಲಿ ನಡೆಯಿತು. ಟೀ ಅಂಗಡಿಯವನನ್ನು ನಾಲ್ಕು ಮಕ್ಕಳೆಂದು ಎಣಿಸಿದ್ದಕ್ಕೆ ಅವನಿಗೆ ಸಿಟ್ಟು ಬಂತು. ಟೈಲರು ತಾನೊಬ್ಬನೇ ಎರಡೆಂದು ಹಟ ಹಿಡಿದ. ಅವನ ಮೈ ನೋಡಿದವರು ಒಂದೂವರೆಗೆ ಇಳಿಸಿದರು. ಕ್ಷೌರದಂಗಡಿಯವನು ಅರ್ಧ ಗಡ್ಡ ಉಳಿದಿದ್ದ ಗಿರಾಕಿಯನ್ನೂ ಕೊರಳ ಟವೆಲ್ಲಿನ ಸಮೇತ ಹತ್ತಿಸಿದ. ಡಾಕ್ಟರ ಹೆಂಡತಿ ಕೊನೆಗೆ ಹತ್ತಿ ಬಾಗಿಲು ಎಳೆದುಕೊಂಡಳು.

ಬೀದಿಯ ಕೊನೆಗೆ ಒಂದು ಏರು. ಅಕ್ಕ ಒಂದನೇ ಗೇರಿನಲ್ಲಿ ಹತ್ತಿಸಿದಳು. ಅರ್ಧ ಏರಿಗೆ ಎಲ್ಲವೂ ಒಮ್ಮೆಗೇ ಆರಿಹೋಯಿತು. ಹಿಂದಿನವರು ಚಪ್ಪಾಳೆ ಹೊಡೆದರು. ಅಕ್ಕನ ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು. ಅವುಗಳನ್ನೇ ನೋಡುತ್ತ ಅವಳು ಅತ್ತುಬಿಟ್ಟಳು. ಚಪ್ಪಾಳೆ ನಿಂತಿತು.

ಅಂಗಡಿ ಮುಂದೆ ವಾಪಸು ಬಂದಾಗ ಡಾಕ್ಟರು, "ಯಾರೂ ಇಳೀಬೇಡಿ," ಎಂದ. ಬಾನೆಟ್ಟು ತೆಗೆದು, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಗೆ, ಇನ್ನೊಂದು ಇಂಜಿನ್ನಿಗೆ ಹಿಡಿದ. ಲ್ಯಾಂಪು ಹತ್ತಿತು. "ಅಕ್ಕ, ಬ್ರೇಕು ಒತ್ತಿ ಹಿಡಿದು ಕ್ಲಚ್ಚು ನಿಧಾನಕ್ಕೆ ಬಿಡು."

ಮುಂದೆ ಹೋಗಲಾರದ ಇಂಜಿನ್ನು ತನ್ನ ರಬ್ಬರುಗಳ ಮೇಲೆ ಒಂದು ಪಕ್ಕಕ್ಕೆ ವಾಲಿತು. ಲ್ಯಾಂಪು ಆರಿತು. ಬ್ಯಾಟರಿಯಿಂದ ಇಂಜಿನ್ನಿಗೆ ಹೋಗುವ ಅರ್ತ್ ವೈರು, ಗಾಡಿಯ ಕರೆಂಟೆಲ್ಲ ಬ್ಯಾಟರಿಗೆ ಮರಳುವ ದಾರಿ, ಬಿಗಿದು ನಿಂತಿತ್ತು. ಖಾಲಿ ವ್ಯಾನಿನಲ್ಲಿ ಇಂಜಿನ್ನು ಅಷ್ಟು ವಾಲುವುದಿಲ್ಲ. ತುಂಬಿದ ವ್ಯಾನು ಏರು ಹತ್ತುವಾಗ ವಾಲಿ ವೈರನ್ನು ಜಗ್ಗುತ್ತದೆ. ರೈಲ್ವೆ ಗೇಟೂ ಏರಿನಲ್ಲೇ ಇತ್ತು.

ವೈರಿನ ತುದಿಗೆ ಕೆಂಪು ಟೇಪು ಸುತ್ತಿತ್ತು. ಬೇರೆಲ್ಲರೂ ಕಪ್ಪು ಟೇಪು ಸುತ್ತಿದರೆ ತನ್ನ ಕೆಲಸ ಎದ್ದು ಕಾಣಲೆಂದು ಡಾಕ್ಟರು ಸುತ್ತುತ್ತಿದ್ದದ್ದು ಕೆಂಪು. ಮೂರು ತಿಂಗಳ ಹಿಂದೆ ಅವನೇ ತುಕ್ಕು ಹಿಡಿದ ತುದಿ ಕತ್ತರಿಸಿ, ಉಳಿದದ್ದಕ್ಕೇ ಜೋಡಣೆ ಹಾಕಿದ್ದ. ವೈರು ನಾಲ್ಕು ಬೆರಳು ಗಿಡ್ಡವಾಗಿತ್ತು. ಟೇಪು ಬಿಚ್ಚಿದರೆ ಒಳಗಿನ ಎಳೆಗಳೆಲ್ಲ ಕಿತ್ತು, ಎರಡೋ ಮೂರೋ ಮಾತ್ರ ಮುಟ್ಟಿಯೂ ಮುಟ್ಟದಂತೆ ನಿಂತಿದ್ದವು. ಮೂರು ಸಲ ಅವನು ಪ್ರತಿಯೊಂದು ಜೋಡಣೆ ಪರೀಕ್ಷೆ ಮಾಡಿದ್ದ, ಕೆಂಪು ಟೇಪಿನದೊಂದನ್ನು ಬಿಟ್ಟು.

"ಯಾವನೋ ಇದನ್ನ ಮಾಡಿದೋನು..." ಎಂದು ಇಳಿದು ಬರುತ್ತ ಶುರು ಮಾಡಿದ ಟೈಲರು ಟೇಪಿನ ಬಣ್ಣ ನೋಡಿ ಬಾಯಿ ಮುಚ್ಚಿಕೊಂಡ. ಅಕ್ಕನೂ ಇಳಿದು ನೋಡಿದಳು. ಕೆಳಗೆ ಬಿದ್ದ ಟೇಪನ್ನು ಎತ್ತಿ ಅವನ ಕೈಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಉದ್ದನೆಯ ವೈರು ಹಾಕಿ, ಅದೇ ಜನರನ್ನು ಕೂರಿಸಿ ಆರು ಸಲ ಏರು ಹತ್ತಿಳಿದ ಮೇಲೆ ಇಬ್ಬರೂ ಶಾಲೆಗೆ ಹೋದರು. ಮ್ಯಾನೇಜರು ಕೇಳಿಸಿಕೊಂಡು, "ಓಹೋ, ಗಾಡೀದೇ ತೊಂದರೆ ಅನ್ನಿ. ಮೆಷಿನ್ನು, ಆಗುತ್ತೆ ಬಿಡಿ," ಎಂದರು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಡಾಕ್ಟರು ಏಳಲಿಲ್ಲ.

"ಗಾಡೀದಲ್ಲ ಸಾರ್, ನಂದು. ವೈರು ಕೆಡಿಸಿದ್ದೂ ನಾನೇ, ಇವರ ಹೆಸರು ಕೆಡಿಸಿದ್ದೂ ನಾನೇ."

ಮ್ಯಾನೇಜರು ಅಕ್ಕನ ಕಡೆ ತಿರುಗಿದರು. "ಸೋಮವಾರ ನೀವೇ ಬನ್ನಿಮ್ಮ," ಎಂದರು. ಅವನಿಗೆ ಹೇಳಿದ್ದು, "ಇನ್ಮೇಲೆ ನಮ್ಮ ಗಾಡಿಗಳು ನಿಮ್ಮ ಹತ್ರ ಬರಲ್ಲ."

ಸೋಮವಾರ ಅಕ್ಕ ತಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. ಮಕ್ಕಳು ಒಂಬತ್ತೇ, ಇಬ್ಬರನ್ನು ಮನೆಯವರು ಕಳಿಸಿರಲಿಲ್ಲ. ಗೇಟಿನ ಹತ್ತಿರ ಅವಳು ವ್ಯಾನು ನಿಲ್ಲಿಸಿ, ಎರಡೂ ಕಡೆ ನೋಡಿ, ಮತ್ತೆ ನೋಡಿ, ಹಿಂದಿನ ಗಾಡಿಗಳು ಹಾರನ್ನು ಹೊಡೆಯುತ್ತಿದ್ದರೂ ಮೂರನೇ ಸಲ ನೋಡಿ ಹಳಿ ದಾಟಿದಳು. ಇಂಜಿನ್ನು ಒಂದಿಷ್ಟೂ ತಡವರಿಸಲಿಲ್ಲ. ಆಚೆಗೆ ನೇರ ರಸ್ತೆ, ಖಾಲಿ ಬಿದ್ದಿತ್ತು. ಅಕ್ಕ ಎರಡನೇ ಗೇರಿನಲ್ಲೇ ಓಡಿಸುತ್ತಿದ್ದಳು, ಇಂಜಿನ್ನು ಗೋಳಿಡುತ್ತಿತ್ತು. ಗೇರು ಬದಲಾಯಿಸಕ್ಕ ಎಂದು ಹೇಳುವ ಬಾಯಿ ಡಾಕ್ಟರಿಗೆ ಬರಲಿಲ್ಲ.