ಮೂರನೇ ಪ್ರತಿ ಯಲ್ಲಾಪುರದಲ್ಲಿತ್ತು

ರಾಜ್ಯ ಒಂದಾಗಿ ಎರಡು ಮೂರು ವರ್ಷವಾಗಿದ್ದರೂ ನಮ್ಮ ಶಾಲೆಗಳಲ್ಲಿ ಇನ್ನೂ ಮುಂಬಯಿ ಸರ್ಕಾರದ ಕಾಲದ ಪುಸ್ತಕಗಳೇ ನಡೆಯುತ್ತಿದ್ದವು. ಆಗ ನಾನು ಶಿರಸಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ನಮ್ಮ ಮಕ್ಕಳು ಕಂಡ ಗಿಡ, ಹಕ್ಕಿ, ಹಣ್ಣುಗಳ ಮೇಲೆ ಮೂರನೇ ಇಯತ್ತೆಗೆ ಒಂದು ವಿಜ್ಞಾನದ ಪಾಠಪುಸ್ತಕ ಬರೆದು ಧಾರವಾಡದ ಪ್ರಕಾಶಕರೊಬ್ಬರಿಗೆ ಕಳಿಸಿದೆ. ಪುಸ್ತಕ ಚೆನ್ನಾಗಿದೆ, ಆದರೆ ಅಚ್ಚಿಗೆ ಕೊಡುವ ಮೊದಲು ಎರಡು ಮೂರು ಶಾಲೆಗಳಲ್ಲಿ ಪಾಠ ಮಾಡಿಸಿ, ಶಿಕ್ಷಕರ ಅಭಿಪ್ರಾಯವನ್ನೂ ಮಕ್ಕಳ ಪ್ರಶ್ನೆಗಳನ್ನೂ ಬರೆಸಿ ತರಿಸಿಕೊಳ್ಳಿ ಎಂದು ಅವರು ಉತ್ತರ ಬರೆದರು.

ಓದಿದಾಗಲೇ ಹೆದರಿಕೆಯಾಯಿತು. ತರಬೇತಿ ಮುಗಿಸಿ ನಾಲ್ಕೇ ವರ್ಷವಾಗಿದ್ದ ನನ್ನ ಬರಹವನ್ನು ಹಳೆಯ ಮಾಸ್ತರರು ಓದಿ ನಗುತ್ತಾರೆ ಎಂಬ ಹೆದರಿಕೆ ಅದು. ಆದರೂ ಕಾರ್ಬನ್ ಕಾಗದ ಇಟ್ಟು ಮೂರು ಪ್ರತಿ ಮಾಡಿದೆ. ಒಂದನ್ನು ನಾನೇ ಇಟ್ಟುಕೊಂಡೆ. ಇನ್ನೊಂದು ಸಿದ್ದಾಪುರದ ಒಬ್ಬ ಹಿರಿಯ ಮಾಸ್ತರರಿಗೆ ಹೋಯಿತು. ಮೂರನೆಯದನ್ನು ಯಲ್ಲಾಪುರದ ಹತ್ತಿರದ ಹಳ್ಳಿಶಾಲೆಯ ಅಕ್ಕೋರಿಗೆ ಕಳಿಸಿದೆ. ತರಬೇತಿಯಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವರು ಅವರು.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಸಿದ್ದಾಪುರದ ಲಕೋಟೆ ಬಂತು. ಎರಡನೇ ತಾಸು ನಡೆಯುತ್ತಿತ್ತು. ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಒಡೆದೆ. ಮಾಸ್ತರರು ಮಕ್ಕಳ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದಿದ್ದರು. ಬಾವಲಿಗೆ ತಲೆ ತಿರುಗುವುದಿಲ್ಲವೇ ಎಂದು ಒಬ್ಬ ಕೇಳಿದ್ದ. ನಗು ಬಂತು. ಅದರ ಕೆಳಗೆ ಇನ್ನೊಂದಿತ್ತು: "ಕಾಸರಕನ ಹಣ್ಣು ಮಂಗ ತಿಂತು. ಹಂಗಾರೆ ನಾವೂ ತಿನ್ನಲಕ್ಕ?"

ಅದಕ್ಕೆ ಮಾಸ್ತರರು ಕೆಂಪು ಶಾಯಿಯಲ್ಲಿ ಎರಡೇ ಸಾಲು ಸೇರಿಸಿದ್ದರು. "ಅಕ್ಕೋರೆ, ನಿಮ್ಮ ಪುಸ್ತಕದ ಪ್ರಕಾರ ಇದಕ್ಕೆ ಉತ್ತರ ಹೌದು. ನಾನು ಪಾಠ ಅಲ್ಲಿಗೇ ನಿಲ್ಲಿಸಿದ್ದೇನೆ."

ಹಕ್ಕಿಯೂ ಮಂಗವೂ ತಿನ್ನುವ ಹಣ್ಣನ್ನು ನಾವೂ ತಿನ್ನಬಹುದು ಎಂದು ಬರೆದವಳು ನಾನೇ. ಚಿಕ್ಕವಳಿದ್ದಾಗ ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದೆ. ಪೇಟೆಯಲ್ಲಿ ಬೆಳೆದ ನಾನು ಕಾಡಿಗೆ ಹೋದದ್ದು ಕಡಿಮೆ. ಕಾಸರಕ ವಿಷವೆಂದು ಗೊತ್ತಿತ್ತು, ಆದರೆ ಅದರ ಹಣ್ಣನ್ನು ಮಂಗ ತಿನ್ನುತ್ತದೆ ಎಂದು ಗೊತ್ತಿರಲಿಲ್ಲ. ಸಾಲದ್ದಕ್ಕೆ ಪಾಠದ ಕೊನೆಗೆ ಒಂದು ಅಭ್ಯಾಸ ಬೇರೆ ಕೊಟ್ಟಿದ್ದೆ. ಮಂಗ, ಹಕ್ಕಿ ತಿನ್ನುವ ಹಣ್ಣುಗಳನ್ನು ತಂದು ಬಣ್ಣ, ಬೀಜ, ರುಚಿ ಬರೆಯಿರಿ ಎಂದು.

ಯಲ್ಲಾಪುರದಿಂದ ಇನ್ನೂ ಏನೂ ಬಂದಿರಲಿಲ್ಲ. ತಾರು ಕೊಡೋಣವೆಂದರೆ, ಆ ಹಳ್ಳಿಗೆ ಮುಟ್ಟುವುದು ನಾಳೆಯೇ ಎಂದರು ಅಂಚೆಯವರು. ಮುಖ್ಯೋಪಾಧ್ಯಾಯರಿಗೆ ಮನೆಯಲ್ಲಿ ಕಾಯಿಲೆ ಎಂದು ಸುಳ್ಳು ಹೇಳಿ ರಜೆ ಪಡೆದೆ. ನಿಜ ಹೇಳುವ ಧೈರ್ಯ ಇರಲಿಲ್ಲ. ಯಲ್ಲಾಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಎಂತ ಆಯ್ತು, ಸಾವಿನ ಮನೆಗೆ ಹೊರಟದ್ದಾ ಎಂದು ವಿಚಾರಿಸಿದಳು.

ಯಲ್ಲಾಪುರದಲ್ಲಿಳಿದು ಮೈಲಿಯಷ್ಟು ದೂರವನ್ನು ಓಡುವಂತೆ ನಡೆದೆ. ಮೂರನೇ ಇಯತ್ತೆಯ ಮಕ್ಕಳು ಶಾಲೆಯ ಜಗುಲಿಯ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಮುಂದೆಯೂ ಮುತ್ತುಗದ ಎಲೆ, ಎಲೆಯ ಮೇಲೆ ಹಣ್ಣುಗಳು. ಅಕ್ಕೋರು ನನ್ನನ್ನು ಕಂಡು ಸಂತೋಷದಿಂದ ಎದ್ದು ಬಂದು, ನಿಮ್ಮ ಪಾಠವೇ ನಡೆದಿದೆ, ಮಕ್ಕಳಿಗೆ ಬಹಳ ಹಿಡಿಸಿದೆ ಎಂದರು. ನಾನು ಅವರನ್ನು ದಾಟಿ ಎಲೆಗಳನ್ನು ನೋಡುತ್ತ ಹೋದೆ. ನೆಲ್ಲಿ, ಬೋರೆ, ಮತ್ತೆ ನೆಲ್ಲಿ. ಕೊನೆಯಲ್ಲಿ ಎರಡು ಜಡೆಯ ಸಣ್ಣ ಹುಡುಗಿಯೊಬ್ಬಳ ಎಲೆಯ ಮೇಲೆ ಕಿತ್ತಳೆ ಬಣ್ಣದ ಒಂದು ಗುಂಡು ಹಣ್ಣು ಒಡೆದು ಬಿದ್ದಿತ್ತು. ಪಾಟಿಯ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: ಬೀಜ ಚಪ್ಪಟೆ. ರುಚಿ ಕಹಿ.

ನುಂಗಿದೆಯಾ ಎಂದು ಕೇಳಿದೆ. ನನ್ನ ದನಿ ಕೇಳಿಯೇ ಹುಡುಗಿ ಬಾಯಿ ಮುಚ್ಚಿಕೊಂಡಳು. ಎಲೆಯ ಮೇಲಿನ ಕಾಸರಕದ ಹಣ್ಣು ಕಂಡು ಅಕ್ಕೋರಿಗೆ ಆಗಲೇ ಎಲ್ಲ ತಿಳಿದುಹೋಯಿತು. ಅವರು ಹುಡುಗಿಯನ್ನು ಎತ್ತಿಕೊಂಡು, ದಾರಿಯಲ್ಲಿ ಸಿಕ್ಕ ಎತ್ತಿನ ಗಾಡಿ ನಿಲ್ಲಿಸಿ ದವಾಖಾನೆಗೆ ಹೊರಡಿಸಿದರು. ಗಾಡಿಯಲ್ಲಿ ನಾನು ಹುಡುಗಿಯ ಬೆರಳುಗಳನ್ನೇ ನೋಡುತ್ತ ಕೂತಿದ್ದೆ. ಕಾಸರಕದ ವಿಷ ಏರಿದರೆ ಮೈ ಬಿಲ್ಲಿನಂತೆ ಸೆಟೆಯುತ್ತದೆ ಎಂದು ಕೇಳಿದ್ದೆ. ಒಂದು ಬೆರಳು ಅಲ್ಲಾಡಿದರೂ ನನ್ನ ಜೀವ ಹೋಗುತ್ತಿತ್ತು.

ವಿಷ ಹೆಚ್ಚಿರುವುದು ಬೀಜದಲ್ಲಿ, ಅದನ್ನು ಅಗಿದಿದ್ದಾಳೆಯೇ ಎಂಬುದೊಂದೇ ಡಾಕ್ಟರರ ಪ್ರಶ್ನೆ. ಅಕ್ಕೋರು ಮೆಲ್ಲಗೆ ಕೇಳಿದಾಗ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ತಿರುಳನ್ನು ನೆಕ್ಕಿ ಉಗಿದಿದ್ದಳಂತೆ. ಡಾಕ್ಟರು ಬಾಯಿ ತೊಳೆಸಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸಿ, ಸದ್ದಿಗೆ ಸೆಟೆತ ಬರಬಹುದು, ಎರಡು ತಾಸು ಯಾರೂ ಗದ್ದಲ ಮಾಡಬಾರದು ಎಂದು ಹೇಳಿಹೋದರು. ನನ್ನ ಆಯುಷ್ಯದಲ್ಲಿ ಅಷ್ಟು ಉದ್ದದ ಎರಡು ತಾಸು ಮತ್ತೆ ಬರಲಿಲ್ಲ.

ಸುದ್ದಿ ತಿಳಿದು ಅವಳ ಅಪ್ಪ ಗದ್ದೆಯಿಂದ ಹಾಗೆಯೇ ಬಂದ. ಪುಸ್ತಕ ಬರೆದವಳು ನಾನು, ತಪ್ಪು ನನ್ನದು ಎಂದು ಹೇಳಿದೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

"ಕಾಸರಕ ತಿನ್ಬಾರ್ದು ಅಂತ ನಮ್ಮನೆ ದನಕ್ಕೂ ಗೊತ್ತು, ಅಕ್ಕೋರೆ," ಎಂದ ಅವನು. ಆಮೇಲೆ ಮಗಳ ಕಡೆ ತಿರುಗಿ, "ನಿಂಗೆ ಗೊತ್ತಿರ್ಲಿಲ್ವ?" ಎಂದ.

"ಗೊತ್ತಿತ್ತು," ಎಂದಳು ಹುಡುಗಿ. "ಪುಸ್ತಕದಲ್ಲಿ ತಿನ್ಬಹುದು ಅಂತ ಇತ್ತು."

ಅಪ್ಪ ಹೇಳಿಕೊಟ್ಟದ್ದನ್ನು ನನ್ನ ಒಂದು ಸಾಲು ಅಳಿಸಿಹಾಕಿತ್ತು. ಆವರೆಗಿನ ಹೆದರಿಕೆ ಹುಡುಗಿಯ ಜೀವದ್ದು. ಆ ಮಾತಿನ ನಂತರ ಅಕ್ಷರದ ಬಗ್ಗೆಯೇ ಹೆದರಿಕೆ ಹುಟ್ಟಿತು.

ಸಂಜೆಯ ಹೊತ್ತಿಗೆ ಹುಡುಗಿ ಎದ್ದು ಹಸಿವು ಎಂದಳು. ಅಕ್ಕೋರು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತರು. ನನ್ನ ಮೇಲೆ ಅವರು ಕೋಪ ಮಾಡಿಕೊಳ್ಳಲಿಲ್ಲ. ಮೊದಲೇ ಪೂರ್ತಿ ಓದಿ ನೋಡದೆ ಪಾಠ ಮಾಡಿದ ತಪ್ಪು ತನ್ನದು ಎಂದುಕೊಂಡು ಬಹಳ ದಿನ ಕೊರಗಿದರು ಎಂದು ಆಮೇಲೆ ತಿಳಿಯಿತು.

ಶಿರಸಿಗೆ ಬಂದು ಮುಖ್ಯೋಪಾಧ್ಯಾಯರಿಗೆ ನಿಜ ಹೇಳಿದೆ. ಪ್ರಕಾಶಕರಿಗೂ ನಡೆದದ್ದನ್ನೆಲ್ಲ ಬರೆದು, ಪುಸ್ತಕ ಬೇಡ ಎಂದೆ. ತಪ್ಪು ಅಚ್ಚಾಗುವ ಮೊದಲೇ ಸಿಕ್ಕಿದೆ, ಇದಕ್ಕಾಗಿಯೇ ಓದಿಸಲು ಹೇಳಿದ್ದು, ತಿದ್ದಿ ಕಳಿಸಿ ಎಂದು ಅವರು ಬರೆದರು. ಎರಡು ತಿಂಗಳು ಹಸ್ತಪ್ರತಿಯನ್ನು ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಅದನ್ನು ತೆಗೆದುಕೊಂಡು ಮತ್ತೆ ಯಲ್ಲಾಪುರದ ಬಸ್ಸು ಹತ್ತಿದೆ.

ಹುಡುಗಿಯ ಅಪ್ಪನಿಗೆ ಓದು ಬರುತ್ತಿರಲಿಲ್ಲ. ಪುಸ್ತಕ ಓದಿ ಹೇಳುತ್ತೇನೆ, ತಪ್ಪಿದ್ದಲ್ಲಿ ನಿಲ್ಲಿಸಬೇಕು ಎಂದು ಬೇಡಿಕೊಂಡೆ. ಅವನಿಗೆ ಸಂಕೋಚವಾಯಿತು. ಆದರೂ ಕೈ ತೊಳೆದು ಬಂದು ಎದುರು ಕೂತ. ನಾನು ಓದತೊಡಗಿದೆ. ಮೊದಲ ಪಾಠದಲ್ಲೇ ಜೇನುಗೂಡಿನ ವಿಷಯ ಬಂದಾಗ ಅವನು ಕೈ ಎತ್ತಿದ.

"ಅಲ್ಲಿ ಸ್ವಲ್ಪ ನಿಲ್ಲಿ," ಎಂದ.