ಎಡಗೈಯ ಹಗ್ಗ

ಮೊನ್ನೆ ಪಕ್ಕದ ತೋಟದವರು ನೆನೆಹಾಕಿದ್ದ ತೆಂಗಿನ ಮಟ್ಟೆಯನ್ನು ಕಟ್ಟೆಯ ನೀರಿನಿಂದ ಮೇಲೆತ್ತಿದರು. ಆ ಕೊಳೆತ ವಾಸನೆ ನಿಮಗೆ ಹಿಡಿಸೀತೆಂದು ನಾನು ಹೇಳುವುದಿಲ್ಲ. ನಮಗೆ ಮಾತ್ರ ಅದು ಹಗ್ಗ ಹೊಸೆಯುವ ಕಾಲ ಬಂತೆಂಬ ಸುದ್ದಿ. ಜಗಲಿಯಲ್ಲಿ ಮೊಮ್ಮಗಳು ಚೈತ್ರ ಜೀವಶಾಸ್ತ್ರ ಓದುತ್ತಿದ್ದಳು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನಾನು ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಏನದು ಎಂದು ಕೇಳಿಬಿಟ್ಟೆ.

“ಡಿಎನ್‌ಎ ಒಂಥರಾ ಸರ ತಾತ. ನ್ಯೂಕ್ಲಿಯೊಟೈಡು ಅನ್ನೋವೇ ಅದರ ಮಣಿಗಳು. ಪೋಣಿಸೋದು ಒಂದು ಕಿಣ್ವ. ಅದು ಸರದ ಒಂದೇ ತುದಿಗೆ ಸೇರಿಸ್ತಾ ಹೋಗುತ್ತೆ. ಇನ್ನೊಂದು ತುದಿಗೆ ಆಗಲ್ಲ.”

“ಯಾಕೆ, ಅಷ್ಟು ಮೊಂಡಾ?”

“ಮೊಂಡಲ್ಲ, ಅದರ ಆಕಾರವೇ ಹಂಗೆ. ಬಲಗೈ ಥರ ಇದೆಯಂತೆ, ಅಂಗೈ, ಬೆರಳು, ಹೆಬ್ಬೆಟ್ಟು. ಸರದ ತುದಿಯೂ ಹೊಸ ಮಣಿಯೂ ಆ ಅಂಗೈಲಿ ಸರಿಯಾಗಿ ಎದುರುಬದುರು ಕೂತ್ರೇನೇ ಬೆಸುಗೆ. ಎದುರು ದಿಕ್ಕಿನ ಎಳೆ ಸಿಕ್ಕಿದ್ರೂ ತಾನು ತಿರುಗಲ್ಲ. ತುಂಡು ತುಂಡಾಗಿ ತನ್ನ ದಿಕ್ಕಲ್ಲೇ ಕಟ್ಟುತ್ತೆ.”

ಬಲಗೈ ಎಂದಾಗ ನನಗೆ ಹೆಂಡತಿ ಗಂಗಮ್ಮನ ಎಡಗೈ ನೆನಪಾಯಿತು.

ಎಂಬತ್ತನೇ ಇಸವಿಯ ಆಚೀಚೆ ತುರುವೇಕೆರೆ ಕಡೆಯಿಂದ ಮದುವೆಯಾಗಿ ಬಂದವಳು. ತವರಿನಲ್ಲಿ ಹಗ್ಗಕ್ಕೆ ಹೆಸರಾದವಳು. ನಾವು ಬಲ ಅಂಗೈ ಮುಂದೆ ತಳ್ಳಿ ಹೊಸೆದರೆ ಅವಳು ಎಡ ಅಂಗೈ ತಳ್ಳುತ್ತಿದ್ದಳು. ಹುರಿ ಬೀಳುತ್ತಿದ್ದುದೂ ಎಡಕ್ಕೆ. ಎಡಹುರಿ ಬಲಹುರಿ ಬೆರೆಸಬಾರದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಬಾವಿಯ ಹಗ್ಗಕ್ಕೆ ಒಂದು ಎಳೆ ಕಡಿಮೆಯಾದಾಗ, ಇನ್ನೊಂದು ಹೊಸೆಯಲು ಸೋಮಾರಿತನವಾಗಿ, ಅವಳದೊಂದನ್ನು ನನ್ನೆರಡರ ಜೊತೆ ಸೇರಿಸಿಬಿಟ್ಟೆ.

ಮಾರನೆಯ ಬೆಳಿಗ್ಗೆ ಗಂಗಮ್ಮ ನೀರು ಸೇದುತ್ತಿದ್ದಳು. ಒಂದಕ್ಕೊಂದು ಹಿಡಿಯದ ಎಳೆಗಳು ಬಿಚ್ಚಿಕೊಂಡು ಹಗ್ಗ ಪಟ್ಟನೆ ಕಿತ್ತುಹೋಯಿತು. ಹಿತ್ತಾಳೆ ಕೊಡ ತಳ ಸೇರಿತು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು. ನಾನು ನಗುತ್ತಾ, “ಎಡಚಿ ಹೊಸೆದದ್ದು ಕಣ್ರೀ, ಇನ್ನೇನಾಗುತ್ತೆ!” ಎಂದೆ. ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು. ಅಂದಿನಿಂದ ನಾರು ಮುಟ್ಟಿರಲಿಲ್ಲ. ನಾನೋ ಸೋಮಾರಿ; ತೆಂಗಿನ ಸೀಮೆಯಲ್ಲಿದ್ದುಕೊಂಡು ತಿಪಟೂರು ಸಂತೆಯಿಂದ ಹಗ್ಗ ಹೊತ್ತು ತಂದ ಮಹಾಪುರುಷ ನಾನೊಬ್ಬನೇ ಇರಬೇಕು.

ಇದೆಲ್ಲ ನೆನಪಾಗಿ ಮೊನ್ನೆ ಪಕ್ಕದವರಲ್ಲಿ ಹಿಡಿ ನಾರು ಕೇಳಿ ತಂದು ಗಂಗಮ್ಮನ ಮುಂದಿಟ್ಟೆ. “ಅವತ್ತು ಬಾವೀಲಿ ಹಗ್ಗ ಕಿತ್ತೋಗಿದ್ದು ನಿನ್ನ ಕೈಯಿಂದಲ್ಲ ಕಣೇ. ಬೆರೆಸಿದ್ದು ನಾನು. ಗೊತ್ತಿದ್ದೂ ನಿನ್ನ ಮೇಲೆ ಹಾಕ್ದೆ.”

“ಗೊತ್ತು ಬುಡಿ. ಅವತ್ತೇ ಗೊತ್ತಿತ್ತು.”

“ಮತ್ಯಾಕೆ ಬಾಯಿ ಬಿಡ್ಲಿಲ್ಲ?”

“ನೀವು ಬಿಡ್ತೀರೇನೋ ಅಂತ ಕಾಯ್ತಿದ್ದೆ.”

ಅವಳು ನಾರನ್ನು ನನ್ನತ್ತಲೇ ತಳ್ಳಿ, “ಈಗ ಎಡಗೈ ಮುಂದೆ ಮಾಡಿ ಹೊಸೀರಿ, ನೋಡಣ” ಎಂದಳು. ಹೊಸೆದೆ. ಎರಡು ಸಲ ಉಜ್ಜುವಷ್ಟರಲ್ಲಿ ಬಲಗೈ ತಾನಾಗಿ ಮುಂದೆ ಬರುತ್ತಿತ್ತು, ಹೊಸೆದದ್ದೆಲ್ಲ ಬಿಚ್ಚಿಹೋಗುತ್ತಿತ್ತು. ಚೈತ್ರ ಪುಸ್ತಕ ಮುಚ್ಚಿ ನಕ್ಕಳು. “ಅಜ್ಜಿ, ತಾತನ ಕೈ ಮೊಂಡಾ?”

“ಅಯ್ಯೋ, ಇಲ್ಲ ಕಣಮ್ಮ. ಅವರ ಕೈಯಿರೋದೇ ಹಂಗೆ” ಎಂದು ಗಂಗಮ್ಮ ನಾರನ್ನು ಕಿತ್ತುಕೊಂಡಳು.

ಈಗ ನಮ್ಮ ಕರುವಿನ ಕೊರಳಲ್ಲಿ ಎಡಹುರಿ ಹಗ್ಗವಿದೆ. ಮೂರೂ ಎಳೆ ಅವಳದೇ.